ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ, ಪ್ರಯಾಣದ ಸಮಯ ನಾವೇ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ ಎಂದು ಅಂತರ್ಜಾಲದಲ್ಲಿ ಹುಡುಕಿ ನೋಡಿ. ಒಂದು ಕಡೆ 8,690ರ ಆಸುಪಾಸಿನ ಅಂಕಿ ಸಿಗುತ್ತದೆ, ಇನ್ನೊಂದು ಕಡೆ 13,990, ಮತ್ತೊಂದು ಕಡೆ 7,550. ಮೂರೂ ಸರಿಯೇ. ಮೊದಲನೆಯದು ಅಮೆರಿಕದವರ ಮೈಲಿ, ಎರಡನೆಯದು ನಮ್ಮ ಕಿಲೋಮೀಟರ್, ಮೂರನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ. ಒಂದು ಮೈಲಿಗೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಎಂಬುದು ಗೊತ್ತಿದ್ದರೆ ಈ ಗೊಂದಲ ಅಲ್ಲಿಗೇ ಮುಗಿಯಿತು.

ಸಮಯದ ಕಥೆ ಬೇರೆ. ಬಹಳಷ್ಟು ತಾಣಗಳು ದೂರವನ್ನು ಗಂಟೆಗೆ 800 ಅಥವಾ 850 ಕಿ.ಮೀ.ಯಿಂದ ಭಾಗಿಸಿ, ಬಂದ ಉತ್ತರವನ್ನೇ ‘ಪ್ರಯಾಣದ ಅವಧಿ’ ಎಂದು ಹಾಕಿಬಿಡುತ್ತವೆ. ಹೋಗುವಾಗಿನ ಅವಧಿಗೂ ಬರುವಾಗಿನ ಅವಧಿಗೂ ಎರಡು ಗಂಟೆಯಷ್ಟು ಅಂತರ ಏಕೆ, ಸೋಮವಾರ ಹೊರಟವರು ಸೋಮವಾರವೇ ಇಳಿದು, ಮರಳುವಾಗ ಮಾತ್ರ ಎರಡು ತಾರೀಕು ದಾಟುವುದು ಹೇಗೆ ಎಂಬುದಕ್ಕೆ ಆ ಭಾಗಾಕಾರದಲ್ಲಿ ಉತ್ತರವಿಲ್ಲ. ಮಕ್ಕಳ ಮನೆಗೆ ಮೊದಲ ಸಲ ಹೊರಟ ಅಪ್ಪ ಅಮ್ಮಂದಿರಿಗೂ ಅವರ ಟಿಕೆಟ್ ತೆಗೆಸುವವರಿಗೂ ಬೇಕಾದದ್ದು ಅದೇ ಉತ್ತರ. ಇಲ್ಲಿನ ಲೆಕ್ಕವನ್ನು ಬೇರೆ ಯಾವ ಎರಡು ಊರಿಗೂ ಹೊಂದಿಸಿಕೊಳ್ಳಬಹುದು.

ಹಂತ 1: ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ?

ವಿಮಾನದ ದೂರವನ್ನು ಊರಿನಿಂದ ಊರಿಗೆ ಅಳೆಯುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುತ್ತಾರೆ. ನಮ್ಮದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಆ ಕಡೆ ಕೊಲ್ಲಿಯ ಸುತ್ತ ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್, ಸ್ಯಾನ್ ಹೋಸೆ ಎಂದು ಮೂರು ನಿಲ್ದಾಣಗಳಿವೆ. ಆಕಾಶದ ಲೆಕ್ಕಕ್ಕೆ ಮೂರರಲ್ಲಿ ಯಾವುದಾದರೂ ಒಂದೇ, ಹೆಚ್ಚೆಂದರೆ ಕೆಲವು ಹತ್ತು ಕಿಲೋಮೀಟರ್ ವ್ಯತ್ಯಾಸ. ಆದರೆ ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಮನೆ ಇರುವವರಿಗೆ ಯಾವುದರಲ್ಲಿ ಇಳಿಯುತ್ತೇವೆ ಎನ್ನುವುದು ಕೊನೆಯ ಒಂದು ಗಂಟೆಯ ಪ್ರಶ್ನೆ.

ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ದೇವನಹಳ್ಳಿ ಸುಮಾರು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ದಶಮಾಂಶದ ಒಂದು ಸ್ಥಾನ ಸಾಕು, ನಾವು ಇಲ್ಲಿ ಸೈಟು ಅಳೆಯುತ್ತಿಲ್ಲ.

ಹಂತ 2: ಗೋಳದ ಮೇಲೆ ದಾರ

ಸೂತ್ರಕ್ಕೆ ಹೋಗುವ ಮುಂಚೆ ಇದನ್ನೊಮ್ಮೆ ಮಾಡಿ. ಮಕ್ಕಳ ಮೇಜಿನ ಮೇಲಿರುವ ಭೂಗೋಳ ಸಾಕು. ಬೆಂಗಳೂರಿನ ಮೇಲೆ ದಾರದ ಒಂದು ತುದಿ ಹಿಡಿದು, ಇನ್ನೊಂದನ್ನು ಕ್ಯಾಲಿಫೋರ್ನಿಯಾಕ್ಕೆ ಎಳೆದು, ಸಡಿಲವಿಲ್ಲದಂತೆ ಬಿಗಿ ಮಾಡಿ. ಗೋಳದ ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ 94 ಸೆಂ.ಮೀ.; ಭೂಮಿಯ ಸುತ್ತಳತೆ 40,000 ಕಿ.ಮೀ. ಅಂದರೆ ದಾರದ ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿ.ಮೀ. ದಾರವನ್ನು ಅಳತೆಪಟ್ಟಿಯ ಮೇಲಿಟ್ಟರೆ 33 ಸೆಂ.ಮೀ. ಬರುತ್ತದೆ. ಗುಣಿಸಿದರೆ 14,000 ಕಿ.ಮೀ.

ಅಂಕಿಗಿಂತ ಸ್ವಾರಸ್ಯ ಇರುವುದು ದಾರ ಹಾದುಹೋದ ಜಾಗಗಳಲ್ಲಿ. ಗೋಡೆಯ ನಕ್ಷೆ ನೋಡಿ ಬೆಳೆದ ಕಣ್ಣಿಗೆ ಈ ದಾರಿ ಚೀನಾ, ಜಪಾನ್ ದಾಟಿ ಪೆಸಿಫಿಕ್ ಸಾಗರದ ಮೇಲೆ ಉದ್ದಕ್ಕೆ ಹೋಗಬೇಕು ಅನ್ನಿಸುತ್ತದೆ. ದಾರ ಹಾಗೆ ಹೋಗುವುದಿಲ್ಲ. ಬೆಂಗಳೂರಿನಿಂದ ಬಹುತೇಕ ಉತ್ತರಕ್ಕೇ ಏರಿ, ನೇಪಾಳದ ಪೋಖರಾದ ಹತ್ತಿರ ಹಿಮಾಲಯ ದಾಟಿ, ಟಿಬೆಟ್, ಚೀನಾದ ಲೋಪ್ ನೂರ್ ಮರುಭೂಮಿ, ಮಂಗೋಲಿಯಾ, ಸೈಬೀರಿಯಾ ಮುಟ್ಟಿ, ಉತ್ತರ ಧ್ರುವವೃತ್ತದೊಳಗೆ 71 ಡಿಗ್ರಿವರೆಗೂ ಹೋಗಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಕೆನಡಾದ ಪಶ್ಚಿಮ ತೀರದ ಗುಂಟ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಪೆಸಿಫಿಕ್ ಸಿಗುವುದು ಕೊನೆಯ ಭಾಗದಲ್ಲಿ ಮಾತ್ರ. ಗೋಲವಾದ ಭೂಮಿಯನ್ನು ಚಪ್ಪಟೆ ಮಾಡಲು ನಕ್ಷೆ ಧ್ರುವದ ಕಡೆಯ ಪ್ರದೇಶಗಳನ್ನು ಎಳೆದು ಅಗಲ ಮಾಡಿರುತ್ತದೆ, ಹಾಗಾಗಿ ಹತ್ತಿರದ ದಾರಿ ಅದರಲ್ಲಿ ದೊಡ್ಡ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಈ ಹತ್ತಿರದ ದಾರಿಗೆ ಮಹಾವೃತ್ತ ಎಂದು ಹೆಸರು.

ಹಂತ 3: ಸೂತ್ರದಿಂದ ಖಚಿತ ದೂರ

ಪಿಯುಸಿಯ ತ್ರಿಕೋನಮಿತಿ ಮರೆತಿಲ್ಲದಿದ್ದರೆ ಒಂದೇ ಸಾಲಿನ ಕೆಲಸ. ಮರೆತಿದ್ದರೂ ಮೊಬೈಲಿನ ಕ್ಯಾಲ್ಕ್ಯುಲೇಟರ್ ಅಡ್ಡ ತಿರುಗಿಸಿದರೆ ಸೈನ್, ಕಾಸ್ ಗುಂಡಿಗಳು ಸಿಗುತ್ತವೆ. ಅದು ಡಿಗ್ರಿಯಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಮೊದಲು ರೇಖಾಂಶಗಳ ಅಂತರ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ಕೂಡಬೇಕು: 77.7 + 122.4 = 200.1. ಇದು 180ಕ್ಕಿಂತ ಹೆಚ್ಚಾಯಿತು ಎಂದರೆ ನಾವು ಭೂಮಿಯನ್ನು ಉದ್ದದ ಕಡೆಯಿಂದ ಸುತ್ತಿದ್ದೇವೆ ಎಂದರ್ಥ. 360ರಿಂದ ಕಳೆದರೆ 159.9 ಡಿಗ್ರಿ.

ಈಗ ಎರಡು ಗುಣಾಕಾರ:

ಸೈನ್ 13.2 × ಸೈನ್ 37.6 = 0.1393
ಕಾಸ್ 13.2 × ಕಾಸ್ 37.6 × ಕಾಸ್ 159.9 = –0.7244

ಎರಡನ್ನೂ ಕೂಡಿದರೆ –0.5851. ಯಾವ ಕೋನದ ಕಾಸ್ ಇಷ್ಟು ಎಂದು ಹಿಮ್ಮುಖವಾಗಿ ಕೇಳಿದರೆ ಕ್ಯಾಲ್ಕ್ಯುಲೇಟರ್ 125.8 ಡಿಗ್ರಿ ಅನ್ನುತ್ತದೆ. ಮಹಾವೃತ್ತದ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 13,990 ಕಿ.ಮೀ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿದಾಗ ಹೇಳಿದ ದೂರ 13,993 ಕಿ.ಮೀ. ಮೊಬೈಲಿನಲ್ಲಿ ಕೂಡಿ ಕಳೆದು ಇಷ್ಟು ಹತ್ತಿರ ಬಂದರೆ ಬೇರೆ ತಾಣಗಳ ಹಂಗು ನಮಗೇಕೆ? ಅದೇ ಪ್ರಕಟಣೆಯಲ್ಲಿ ಎರಡೂ ನಗರಗಳು ಭೂಮಿಯ ತದ್ವಿರುದ್ಧ ತುದಿಗಳಲ್ಲಿವೆ ಎಂಬ ಮಾತೂ ಇತ್ತು. ಅದು ಉತ್ಸಾಹದ ಮಾತು. ನಿಜವಾದ ತದ್ವಿರುದ್ಧ ಬಿಂದು 180 ಡಿಗ್ರಿ, ಅಂದರೆ 20,000 ಕಿ.ಮೀ. ದೂರದಲ್ಲಿರುತ್ತದೆ. ಭೂಮಿಯ ಮೇಲೆ ಯಾವ ಎರಡು ಊರೂ ಅದಕ್ಕಿಂತ ದೂರ ಇರಲಾರವು.

ಹಂತ 4: ಹತ್ತಿರದ ದಾರಿಯಲ್ಲಿ ವಿಮಾನ ಹೋಗುವುದಿಲ್ಲ

13,990 ಎನ್ನುವುದು ದಾರದ ಲೆಕ್ಕ. ವಿಮಾನಕ್ಕೆ ಆ ದಾರಿ ಮೊದಲ ಕಾಲುಭಾಗದಲ್ಲೇ ಕೈಕೊಡುತ್ತದೆ.

ಕಾರಣ ಟಿಬೆಟ್. ಎತ್ತರದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ಕೂಡಲೇ 10,000 ಅಡಿಯ ಸುಮಾರಿಗೆ ಇಳಿಯಬೇಕು. ನಮ್ಮ ತಲೆಯ ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಬರುವಂಥದ್ದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಬಹುತೇಕ ವಿಮಾನಗಳು ಆ ಭಾಗವನ್ನು ಸುತ್ತಿಕೊಂಡು ಹೋಗುತ್ತವೆ.

ಎರಡನೆಯ ಕಾರಣ ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಕೆನಡಾ, ಬ್ರಿಟನ್, ಯುರೋಪ್ ಒಕ್ಕೂಟದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. ಹಾಗಾಗಿಯೇ 2023ರ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ, ಎಂಜಿನ್ ತೊಂದರೆ ಕಾಣಿಸಿದಾಗ, ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಅಮೆರಿಕಕ್ಕೆ ಹೊರಟವರು ಮಗದಾನ್‌ಗೆ ಹೇಗೆ ಹೋದರು ಎಂದು ಆಗ ಬೆರಗಾದವರು ಬಹಳ. ದಾರ ಹಿಡಿದು ನೋಡಿದವರಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. 2025ರ ಏಪ್ರಿಲ್‌ನಿಂದ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ಪಯಣಗಳು ಉದ್ದವಾದವು.

ಮೂರನೆಯದು ಗಾಳಿ. ಅದಕ್ಕೆ ಪ್ರತ್ಯೇಕ ಹಂತವೇ ಬೇಕು.

ಲೆಕ್ಕಕ್ಕೆ ಹೇಳುವುದಾದರೆ, ಇಷ್ಟು ಉದ್ದದ ಪಯಣಕ್ಕೆ ಮಹಾವೃತ್ತದ ದೂರದ ಮೇಲೆ ನೂರಕ್ಕೆ ಐದರಷ್ಟು ಸೇರಿಸಿಕೊಳ್ಳಿ: 13,990 ಹೋಗಿ ಸುಮಾರು 14,700 ಕಿ.ಮೀ. ಕೆಲವು ದಿನ ಇದಕ್ಕಿಂತ ಕಡಿಮೆ, ಕೆಲವು ದಿನ ಬಹಳ ಹೆಚ್ಚು. ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಪೈಲಟ್ ತಂಡ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ದಾರಿಯಲ್ಲಿ ಬೆಂಗಳೂರಿಗೆ ತಂದಾಗ ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಎಂದು ವರದಿಯಾಗಿತ್ತು. ಸರಿಯಾಗಿ ಧ್ರುವಬಿಂದುವಿನ ಮೇಲೇ ಹೋದರೆ ದೂರ ಎಷ್ಟಾಗುತ್ತದೆ ಎಂಬ ಲೆಕ್ಕ ಇನ್ನೂ ಸುಲಭ. 90ರಿಂದ ಎರಡೂ ಅಕ್ಷಾಂಶ ಕಳೆದು ಕೂಡಿ: 76.8 + 52.4 = 129.2 ಡಿಗ್ರಿ, ಅಂದರೆ 14,370 ಕಿ.ಮೀ. ಅತಿ ಹತ್ತಿರದ ದಾರಿಗಿಂತ 380 ಕಿ.ಮೀ. ಮಾತ್ರ ಜಾಸ್ತಿ! ಬೆಂಗಳೂರಿನಿಂದ ಬೆಳಗಾವಿ ಇದಕ್ಕಿಂತ ದೂರ.

ಹಂತ 5: ಗಂಟೆಗಳ ಲೆಕ್ಕ, ಅಂದರೆ ಗಾಳಿಯ ಲೆಕ್ಕ

ಬೋಯಿಂಗ್ 777ರಂಥ ದೊಡ್ಡ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಆದರೆ ಈ 900 ಅದರ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಚಲಿಸುತ್ತಿರುತ್ತದೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಪ್ರವಾಹವಿದೆ; ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ತುಂಗಭದ್ರೆಯಲ್ಲಿ ತೆಪ್ಪ ಹಾಕಿದವನಿಗೆ ಹೊಳೆಯ ಜೊತೆ ಹೋಗುವುದು ಬೇರೆ, ಹೊಳೆಗೆ ಎದುರು ಹುಟ್ಟು ಹಾಕುವುದು ಬೇರೆ, ಇಲ್ಲೂ ಅಷ್ಟೇ.

ಇದಕ್ಕೆ ದಿಲ್ಲಿಯ ಉದಾಹರಣೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಏರ್ ಇಂಡಿಯಾದ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು: ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ 15,300 ಕಿ.ಮೀ. ಆಯಿತು, ಅಂದರೆ 1,400 ಕಿ.ಮೀ. ಹೆಚ್ಚು. ಸಮಯ ಮಾತ್ರ ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಬಂತು! ಉದ್ದದ ದಾರಿ ಬೇಗ ಮುಟ್ಟಿಸಿತು. ಆಗ ಕೆಲವರು ‘ಭೂಮಿ ಪೂರ್ವಕ್ಕೆ ತಿರುಗುವುದರಿಂದ ಹೀಗೆ’ ಎಂದು ವಿವರಿಸಿದ್ದರು. ಅದು ಅರೆಬೆಂದ ವಿವರಣೆ. ಭೂಮಿಯ ಜೊತೆ ವಾತಾವರಣವೂ ತಿರುಗುತ್ತದೆ, ಆದ್ದರಿಂದ ತಿರುಗುವಿಕೆಯೊಂದರಿಂದಲೇ ವಿಮಾನಕ್ಕೆ ಲಾಭವಿಲ್ಲ. ಲಾಭ ಕೊಡುವುದು ಬೆನ್ನ ಹಿಂದಿನಿಂದ ತಳ್ಳುವ ಗಾಳಿ.

ನಮ್ಮ ಲೆಕ್ಕಕ್ಕೆ ಹೀಗೆ ಮಾಡಿ. ಹಿಂಗಾಳಿ ಸಿಗುವ ದಿಕ್ಕಿಗೆ ಸರಾಸರಿ ವೇಗ 950, ಎದುರುಗಾಳಿಯ ದಿಕ್ಕಿಗೆ 850 ಎಂದು ಹಿಡಿಯಿರಿ. ಏರುವಾಗ ಇಳಿಯುವಾಗ ವೇಗ ಕಡಿಮೆ, ರನ್‌ವೇವರೆಗೆ ತೆವಳುವುದು ಬೇರೆ; ಇವಕ್ಕೆಲ್ಲ ಅರ್ಧ ಗಂಟೆ.

ಪೂರ್ವಾಭಿಮುಖವಾಗಿ: 14,700 ÷ 950 = ಹದಿನೈದೂವರೆ ಗಂಟೆ. ಅರ್ಧ ಸೇರಿಸಿ 16 ಗಂಟೆ.
ಎದುರುಗಾಳಿಗೆ: 14,700 ÷ 850 = 17 ಗಂಟೆ 18 ನಿಮಿಷ. ಅರ್ಧ ಸೇರಿಸಿದರೆ 17 ಗಂಟೆ 48 ನಿಮಿಷ.

ಬೆಂಗಳೂರಿನಿಂದ ಹೋಗುವುದು ಸುಮಾರು 16, ಬರುವುದು ಹದಿನೇಳೂವರೆಯಿಂದ ಹದಿನೆಂಟು. ಚಳಿಗಾಲದಲ್ಲಿ ಗಾಳಿ ಜೋರು, ಆಗ ಈ ಅಂತರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬರುವಾಗ ಅಟ್ಲಾಂಟಿಕ್, ಯುರೋಪ್ ಕಡೆಯಿಂದ ತಂದರೆ ಆಗಲೂ ಪೂರ್ವಕ್ಕೇ ಹಾರಿದಂತಾಗುತ್ತದೆ, ದೂರ ಹೆಚ್ಚಾದರೂ ಗಾಳಿ ಕೈಹಿಡಿಯುತ್ತದೆ. ಹೋಗುವಾಗ ಪೆಸಿಫಿಕ್, ಬರುವಾಗ ಅಟ್ಲಾಂಟಿಕ್ ಆದರೆ ಒಂದೇ ಟಿಕೆಟ್ಟಿನಲ್ಲಿ ಭೂಪ್ರದಕ್ಷಿಣೆಯೂ ಮುಗಿಯಿತು ಅನ್ನಿ.

ಟಿಕೆಟ್ಟಿನಲ್ಲಿ ಮುದ್ರಿಸುವ ಅವಧಿ ಗೇಟಿನಿಂದ ಗೇಟಿಗೆ. ಅದರಲ್ಲಿ ಕಂಪನಿ ತಡವಾದರೆ ಇರಲಿ ಎಂದು ಒಂದಷ್ಟು ನಿಮಿಷ ಸೇರಿಸಿಯೇ ಇರುತ್ತದೆ. ನಿಜ ತಿಳಿಯಬೇಕಾದರೆ ಫ್ಲೈಟ್‌ರಾಡಾರ್24ರಂಥ ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಕಳೆದ ವಾರ ಅದು ದಿನಾ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡಿ. ಯಾವ ಸೂತ್ರಕ್ಕಿಂತಲೂ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಹಂತ 6: ಗಡಿಯಾರ ಮತ್ತು ತಾರೀಕು

ಇಲ್ಲಿ ಎಡವುವವರೇ ಹೆಚ್ಚು. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ಕಳೆದು ಪ್ರಯಾಣದ ಅವಧಿ ಎಂದುಕೊಳ್ಳಬಾರದು.

ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ. 2026ರಲ್ಲಿ ಅವು ಮಾರ್ಚ್ 8 ಮತ್ತು ನವೆಂಬರ್ 1.

ವಿಧಾನ ಇಷ್ಟೇ: ಹೊರಡುವ ಸಮಯವನ್ನು ಮೊದಲು ತಲುಪುವ ಊರಿನ ಗಡಿಯಾರಕ್ಕೆ ಬದಲಾಯಿಸಿ, ಆಮೇಲೆ ಹಾರುವ ಗಂಟೆಗಳನ್ನು ಕೂಡಿ.

ಜೂನ್‌ನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ ಎನ್ನೋಣ. ಹನ್ನೆರಡೂವರೆ ಕಳೆದರೆ ಅಲ್ಲಿ ಆಗ ಸೋಮವಾರ ನಸುಕಿನ 1.30. ಹದಿನಾರು ಗಂಟೆ ಕೂಡಿ: ಸೋಮವಾರ ಸಂಜೆ 5.30. ಗಡಿಯಾರದ ಪ್ರಕಾರ ಮೂರೂವರೆ ಗಂಟೆಯಲ್ಲಿ ಅಮೆರಿಕ!

ಮರಳುವುದಕ್ಕೆ ನಿಜವಾದ ಉದಾಹರಣೆ, ಮೇಲೆ ಹೇಳಿದ ಮೊದಲ ನೇರ ವಿಮಾನ. ವೇಳಾಪಟ್ಟಿಯಂತೆ 2021ರ ಜನವರಿ 9ರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಜನವರಿ 11ರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ಸೇರಬೇಕಿತ್ತು. ಹೊರಟಾಗ ನಮ್ಮಲ್ಲಿ ಹದಿಮೂರೂವರೆ ಗಂಟೆ ಮುಂದೆ, ಅಂದರೆ 10ನೇ ತಾರೀಕು ಬೆಳಿಗ್ಗೆ 10. ಅಲ್ಲಿಂದ 11ರ 3.45ಕ್ಕೆ ಹದಿನೇಳು ಮುಕ್ಕಾಲು ಗಂಟೆ. ಐದನೇ ಹಂತದ ನಮ್ಮ ಅಂದಾಜಿಗೆ ಇದು ಸರಿಹೊಂದುತ್ತದೆ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ‘+2’ ಎಂದು ಸಣ್ಣದಾಗಿ ಇರುವುದು ಇದಕ್ಕೇ. ಮರಳಿದ ದಿನ ಮದುವೆಯೋ ಗೃಹಪ್ರವೇಶವೋ ಇದ್ದರೆ ಆ ಸಣ್ಣ ಅಂಕಿಯನ್ನು ದೊಡ್ಡ ಕಣ್ಣಿನಿಂದ ನೋಡಿ.

ಫೋನ್ ಮಾಡುವುದಕ್ಕೆ ಬಾಯಿಲೆಕ್ಕ: ಬೇಸಿಗೆಯಲ್ಲಿ ಹಗಲು ರಾತ್ರಿ ಅದಲುಬದಲು ಮಾಡಿ ಅರ್ಧ ಗಂಟೆ ಕಳೆಯಿರಿ, ಚಳಿಗಾಲದಲ್ಲಿ ಒಂದೂವರೆ ಗಂಟೆ. ಇಲ್ಲಿ ರಾತ್ರಿ 9 ಆಗಿದ್ದರೆ ಅಲ್ಲಿ ಬೇಸಿಗೆಯ ಬೆಳಿಗ್ಗೆ 8.30, ಚಳಿಗಾಲದ ಬೆಳಿಗ್ಗೆ 7.30. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹಗಲು ರಾತ್ರಿಯೇ ತಿರುಗುಮುರುಗಾಗುವ ಈ ಪಯಣದಲ್ಲಿ ಯಾವ ಡೋಸ್ ಯಾವಾಗ ಎಂದು ಹೊರಡುವ ಮುಂಚೆ ತಮ್ಮ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಹಂತ 7: ನಡುವೆ ಇಳಿದು ಹತ್ತುವುದಾದರೆ

ನೇರ ವಿಮಾನ ಯಾವಾಗಲೂ ಇರುತ್ತದೆ ಎನ್ನಲಾಗದು, ಇದ್ದಾಗಲೂ ಎಲ್ಲ ದಿನ ಇರುವುದಿಲ್ಲ, ದರವೂ ಹೆಚ್ಚು. ಹೆಚ್ಚಿನವರು ಒಂದು ಕಡೆ ಇಳಿದು ಹತ್ತುವವರೇ. ಮೂರನೇ ಹಂತದ ಸೂತ್ರವನ್ನು ಎರಡು ಸಲ ಹಾಕಿದರೆ ಸಿಗುವ ಒಟ್ಟು ದೂರಗಳು ಹೀಗಿವೆ:

ಟೋಕಿಯೊ (ನರಿಟ) ಮೂಲಕ: 6,700 + 8,230 = ಸುಮಾರು 14,900 ಕಿ.ಮೀ.
ದುಬೈ ಮೂಲಕ: 2,700 + 13,000 = ಸುಮಾರು 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = ಸುಮಾರು 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,580 = ಸುಮಾರು 16,760 ಕಿ.ಮೀ.

ಫ್ರಾಂಕ್‌ಫರ್ಟ್, ಸಿಂಗಪುರ ಎರಡೂ ವಿರುದ್ಧ ದಿಕ್ಕಿನಲ್ಲಿದ್ದರೂ ಒಟ್ಟು ದೂರ ಹೆಚ್ಚುಕಡಿಮೆ ಒಂದೇ. ಟೋಕಿಯೊ ಹತ್ತಿರದ ದಾರಿಗಿಂತ ಹೆಚ್ಚೇನೂ ಸುತ್ತಲ್ಲ. ಹೋಗುವಾಗ ಪೆಸಿಫಿಕ್ ಹಿಂಗಾಳಿಯೂ ಸಿಗುತ್ತದೆ. ಆದರೆ ಇಲ್ಲಿ ಕಿಲೋಮೀಟರ್‌ಗಿಂತ ನಡುವಿನ ಕಾಯುವಿಕೆ ಮುಖ್ಯ. ಎರಡು ಗಂಟೆಗಿಂತ ಕಡಿಮೆ ಇದ್ದರೆ ಓಡಬೇಕು, ವಯಸ್ಸಾದವರಿಗೆ ಅದು ಬೇಡವೇ ಬೇಡ. ಮೂರರಿಂದ ನಾಲ್ಕು ಗಂಟೆ ಹದ. ಎಂಟು ಹತ್ತು ಗಂಟೆ ಎಂದರೆ ಉಳಿಸಿದ ದುಡ್ಡು ಮೈಕೈ ನೋವಿಗೆ ಸಮ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಹಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ನಿಮ್ಮ ಹಣೆಬರಹ.

ಅಬುಧಾಬಿ ಮೂಲಕ ಹೋಗುವವರಿಗೆ ಒಂದು ವಿಶೇಷವಿದೆ: ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಲ್ಲಿಯೇ ಮುಗಿಯುತ್ತದೆ. ಅಲ್ಲಿ ಹೆಚ್ಚು ಸಮಯ ಇಟ್ಟುಕೊಳ್ಳಬೇಕು, ಇಳಿದ ಮೇಲೆ ಕಡಿಮೆ. ಬೇರೆ ದಾರಿಯಲ್ಲಿ ಬಂದು ಷಿಕಾಗೊವೋ ನ್ಯೂಯಾರ್ಕೋ ಆಗಿ ಹೋಗುವವರಿಗೆ ಅಮೆರಿಕದ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್, ಸಾಮಾನು ತೆಗೆದುಕೊಂಡು ಮತ್ತೆ ಹಾಕುವ ಕೆಲಸ ಎಲ್ಲ ಇರುತ್ತದೆ.

ಹಂತ 8: ಮನೆಯಿಂದ ಮನೆಗೆ

ಕೊನೆಗೆ ಉಳಿಯುವುದು ನೆಲದ ಮೇಲಿನ ಗಂಟೆಗಳು. ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್ ನೋಡಿಕೊಂಡು ಒಂದೂವರೆಯಿಂದ ಎರಡು ಗಂಟೆ. ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಮೂರು ಗಂಟೆ ಮುಂಚೆ ಅಲ್ಲಿರಬೇಕು. ಮೈಸೂರಿನವರು ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನಲ್ಲಿ ನೇರ ನಿಲ್ದಾಣಕ್ಕೇ ಬರಬಹುದು. ಅದಕ್ಕೆ ನಾಲ್ಕೈದು ಗಂಟೆ ಬೇರೆ ಹಾಕಿಕೊಳ್ಳಿ. ಆ ಕಡೆ ಇಮಿಗ್ರೇಷನ್, ಸಾಮಾನು, ಕಸ್ಟಮ್ಸ್ ಸೇರಿ ಒಂದರಿಂದ ಎರಡು ಗಂಟೆ. ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದವರು ಕಸ್ಟಮ್ಸ್‌ನವರಿಗೆ ತಿನಿಸು ಇದೆ ಎಂದೇ ಹೇಳಿದರೆ ಬೇಗ ಹೊರಗೆ ಬರುತ್ತಾರೆ, ಮುಚ್ಚಿಟ್ಟರೆ ಅಲ್ಲೇ ನಿಲ್ಲುತ್ತಾರೆ. ಅಲ್ಲಿಂದ ಫ್ರೀಮಾಂಟ್‌ಗೋ ಸನ್ನಿವೇಲ್‌ಗೋ ಕಾರಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ.

ಎಲ್ಲ ಕೂಡಿದರೆ ಆಕಾಶದ 16 ಗಂಟೆ ಬೆಂಗಳೂರಿನವರಿಗೆ ಸುಮಾರು 23, ಮೈಸೂರಿನವರಿಗೆ 26. ಒಂದು ಕಡೆ ಇಳಿದು ಹತ್ತುವವರಿಗೆ 30ರ ಆಚೆ. ಕರೆದುಕೊಂಡು ಹೋಗಲು ಬರುವ ಮಗಳಿಗೋ ಮಗನಿಗೋ ಟಿಕೆಟ್ಟಿನ ಸಮಯ ಹೇಳುವ ಬದಲು ವಿಮಾನದ ಸಂಖ್ಯೆ ಕಳಿಸಿ. ಅದು ಇಳಿದ ಮೇಲೆ ಮನೆ ಬಿಟ್ಟರೂ ನೀವು ಹೊರಬರುವ ಹೊತ್ತಿಗೆ ಅವರು ಬಾಗಿಲಲ್ಲಿರುತ್ತಾರೆ.